ಅಪ್ಪ ಹೊಲಿದ ಹುಟ್ಟುಗೋಲು

ಹೋದ ತಿಂಗಳು ಹಂಪಸಾಗರದಲ್ಲಿ ತಮ್ಮನ ಮಗಳ ನಿಶ್ಚಿತಾರ್ಥ ಮುಗಿಸಿಕೊಂಡು ಕೂಡ್ಲಿಗಿಗೆ ವಾಪಸು ಬರುವಾಗ ದಾರಿಯಲ್ಲಿ ಒಂದು ಖಾನಾವಳಿಗೆ ಊಟಕ್ಕೆ ಇಳಿದೆವು. ಹೊಸದು. ಹಿನ್ನೀರು ಕಾಣುವಂತೆ ದೊಡ್ಡ ಕಿಟಕಿ, ಗೋಡೆಯ ತುಂಬ ಹಳೆಯ ಸಾಮಾನು. ಲಾಟೀನು, ಒನಕೆ, ಗಾಡಿಯ ಗಾಲಿ. ಬಳಸುವ ಕಾಲದಲ್ಲಿ ಮೂಲೆಗೆ ಬಿಸಾಡಿದ್ದನ್ನೆಲ್ಲ ಈಗ ಗೋಡೆಗೆ ನೇತು ಹಾಕುವುದು ಒಂದು ಖಯಾಲಿ. ರೊಟ್ಟಿ ಮುರಿದು ಬಾಯಿಗೆ ಇಡಬೇಕು ಅನ್ನುವಾಗ ಎದುರಿಗೆ ಒಂದು ಹುಟ್ಟುಗೋಲು ಕಂಡಿತು. ಹರಿಗೋಲು ನಡೆಸುವ ಮರದ ಹುಟ್ಟು. ಅಲಗಿನ ನಡುವೆ ಒಂದು ಸೀಳು, ಸೀಳಿನ ಎರಡೂ ಬದಿಗೆ ಸಾಲಾಗಿ ತೂತು, ತೂತಿನಲ್ಲಿ ಪೋಣಿಸಿದ ಚರ್ಮದ ದಾರ. ಕೆಳಗೆ ಚೌಕಟ್ಟು ಹಾಕಿದ ಬೋರ್ಡು: “ನಮ್ಮ ಮನೆತನದ ಹಿರಿಯರು ಊರ ಜನರನ್ನು ಉಚಿತವಾಗಿ ನೀರು ದಾಟಿಸುತ್ತಿದ್ದ ಹುಟ್ಟು. ದಯವಿಟ್ಟು ಮುಟ್ಟಬೇಡಿ.”

ಮುರಿದ ರೊಟ್ಟಿಯನ್ನು ಎಲೆಯ ಮೇಲೆ ಇಟ್ಟೆ. ನನಗೆ ಸಿಟ್ಟು ಬೇಗ ಬರುತ್ತದೆ ಎಂದು ನನ್ನ ಗಂಡ, ಮಕ್ಕಳು, ಕಚೇರಿಯಲ್ಲಿ ಜೊತೆಗಿದ್ದವರು ಎಲ್ಲರೂ ಹೇಳುತ್ತಾರೆ. ಬರಲಿ. ಸಿಟ್ಟು ಬಾರದವರಿಂದ ಈ ಲೋಕಕ್ಕೆ ಆಗಿರುವ ಉಪಕಾರವೇನು ಎಂದು ನನಗಂತೂ ಈವರೆಗೆ ತಿಳಿದಿಲ್ಲ. ಆ ಹುಟ್ಟಿನ ಕೋಲು ಕೆತ್ತಿದ್ದು ನಾನು. ಅಲಗು ಹೊಲಿದದ್ದು ನಮ್ಮಪ್ಪ.

ಅದು ನಾನು ಎಸ್ಸೆಸ್ಸೆಲ್ಸಿ ಓದುತ್ತಿದ್ದ ವರ್ಷ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಡ್ಯಾಮು ಕಟ್ಟಿದ ಮೇಲೆ ತುಂಗಭದ್ರೆಯ ಹಿನ್ನೀರು ನಮ್ಮ ಊರ ಮುಂದಿನ ತಗ್ಗಿಗೆ ನುಗ್ಗಿ ನಿಲ್ಲುತ್ತಿತ್ತು. ಬೇಸಿಗೆಯಲ್ಲಿ ಅದೇ ತಗ್ಗು ದಾಟಿದರೆ ಅರ್ಧ ತಾಸಿಗೆ ಆಚೆ ದಡದ ಹೈಸ್ಕೂಲು. ಶ್ರಾವಣ ಬಂತೆಂದರೆ ಅಲ್ಲಿ ಎರಡಾಳು ನೀರು. ಸುತ್ತಿಕೊಂಡು ಹೋಗಲು ಒಂದು ದಾರಿ ಇತ್ತು, ಎರೆ ಮಣ್ಣಿನ ಕೆಸರಿನಲ್ಲಿ ಕಾಲು ಕಿತ್ತಿಡುತ್ತಾ ನಡೆದರೆ ಮಧ್ಯಾಹ್ನದ ಗಂಟೆ ಹೊಡೆಯುವ ಹೊತ್ತಿಗೆ ಮುಟ್ಟಬಹುದಿತ್ತು. ಹಾಗಾಗಿ ಸಂಕ್ರಾಂತಿ ಕಳೆದು ನೀರು ಇಳಿಯುವವರೆಗೆ ಊರಿಗೆಲ್ಲ ಹರಿಗೋಲೇ ಗತಿ.

ಹರಿಗೋಲು ಎಂದರೆ ಬಿದಿರಿನ ದೊಡ್ಡ ಬುಟ್ಟಿ, ಅದರ ಹೊರಗೆ ಎಮ್ಮೆ ಚರ್ಮದ ಹೊದಿಕೆ. ಬುಟ್ಟಿಗೆ ಇಡೀ ಊರು ಪಟ್ಟಿ ಎತ್ತಿತ್ತು, ನಮ್ಮ ಕೇರಿಯವರೂ ಕೊಟ್ಟಿದ್ದರು. ಚರ್ಮ ಹದ ಮಾಡಿ, ಹೊಲಿದು, ಹೊದಿಸಿದ್ದು ನಮ್ಮಪ್ಪ ದುರುಗಪ್ಪ. ನಮ್ಮದು ಚರ್ಮದ ಕೆಲಸದ ಮನೆತನ. ಎತ್ತಿನ ಮಿಣಿ, ಬಾರುಕೋಲು, ಕಾಲಿನ ಕೆರ ಎಲ್ಲ ನಮ್ಮ ಗುಡಿಸಲಿನಿಂದಲೇ ಊರಿಗೆ ಹೋಗುತ್ತಿದ್ದವು. ಅಪ್ಪ ಹೊಲಿದ ಹೊದಿಕೆಯ ಮೇಲೆ ಊರಿನ ಎಲ್ಲ ಜಾತಿಯವರೂ ಅಂಡು ಊರಿ ಕೂತು ನೀರು ದಾಟುತ್ತಿದ್ದರು.

ಹುಟ್ಟು ಮಾತ್ರ ಗೌಡರ ಮನೆಯದು. ಇದು ನಮ್ಮ ಊರಿನ ರೂಢಿ. ಸಂಜೆ ಕೊನೆಯ ಸುತ್ತು ಮುಗಿದ ಮೇಲೆ ಅಂಬಿಗರ ಹನುಮಂತಣ್ಣ ಹರಿಗೋಲನ್ನು ದಡದಲ್ಲಿ ಬೋರಲು ಹಾಕಿ, ಹುಟ್ಟನ್ನು ಹೆಗಲ ಮೇಲಿಟ್ಟುಕೊಂಡು ಹೋಗಿ ಗೌಡರ ಪಡಸಾಲೆಯ ಗೂಟಕ್ಕೆ ಸಿಕ್ಕಿಸುತ್ತಿದ್ದ. ಬೆಳಗ್ಗೆ ಗೌಡರ ಸ್ನಾನ, ಪೂಜೆ, ತಿಂಡಿ ಮುಗಿದು ಅವರು “ಹೂಂ” ಅಂದ ಮೇಲೆ ಇಳಿಸಿಕೊಂಡು ಬರುತ್ತಿದ್ದ. ಮೊದಲ ಸುತ್ತು ಗೌಡರ ಮನೆಯ ಹಾಲಿಗೆ, ಎರಡನೆಯದು ಅವರ ಓಣಿಯವರಿಗೆ, ಆಮೇಲೆ ಉಳಿದವರಿಗೆ, ಕೊನೆಗೆ ನಮ್ಮ ಕೇರಿಗೆ. ನಾವು ಹುಟ್ಟು ಮುಟ್ಟುವ ಹಾಗಿರಲಿಲ್ಲ. ಚರ್ಮದ ಬುಟ್ಟಿಗೆ ತಗಲದ ಮೈಲಿಗೆ ಮರದ ಕೋಲಿಗೆ ತಗಲುತ್ತದಂತೆ. ಈ ಲೆಕ್ಕ ಹಾಕಿದವರು ಯಾವ ಶಾಲೆಯಲ್ಲಿ ಗಣಿತ ಕಲಿತಿದ್ದರೋ.

ನಮ್ಮ ಕೇರಿಯಿಂದ ಹತ್ತನೇ ತರಗತಿಯವರೆಗೆ ಬಂದಿದ್ದ ಹುಡುಗಿ ನಾನೊಬ್ಬಳೇ. ದಿನಾ ನಾನು ಶಾಲೆ ಮುಟ್ಟುವಾಗ ಎರಡನೇ ಪಿರಿಯಡ್ ನಡೆಯುತ್ತಿರುತ್ತಿತ್ತು. ಹಾಜರಿ ಕೂಗುವುದು ಮೊದಲನೇ ಪಿರಿಯಡ್‌ನಲ್ಲಿ. ಶ್ರಾವಣದ ಕೊನೆಗೆ ಹೆಡ್‌ಮಾಸ್ತರರು ನನ್ನನ್ನು ಕರೆದು ರಿಜಿಸ್ಟರು ತೋರಿಸಿದರು. ನನ್ನ ಹೆಸರಿನ ಮುಂದೆ ಸಾಲಾಗಿ ಕೆಂಪು ಗೀರುಗಳು. “ಮುಕ್ಕಾಲು ಭಾಗ ಹಾಜರಿ ಇರಲಿಲ್ಲ ಅಂದ್ರ ಪರೀಕ್ಷಿಗೆ ನಿನ್ನ ಹೆಸರು ಕಳಸಾಕ ಬರಂಗಿಲ್ಲವ್ವ. ನಾ ಎಷ್ಟು ದಿನ ಅಂತ ಕಣ್ಣು ಮುಚ್ಚಿಕೊಳ್ಳಲಿ?” ಅಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಇದ್ದ ನಿಯಮ ಹೇಳಿದರು. ನೀರು ಇಳಿಯಲು ಇನ್ನೂ ಐದು ತಿಂಗಳು ಬಾಕಿ ಇತ್ತು.

ಅಂದು ಸಂಜೆ ಅಪ್ಪ ನನ್ನನ್ನು ಕರೆದುಕೊಂಡು ಗೌಡರ ಮನೆಗೆ ಹೋದ. ನಾವು ಅಂಗಳದಲ್ಲಿ ನಿಂತೆವು. ಗೌಡರು ಪಡಸಾಲೆಯಲ್ಲಿ ನಾಲ್ಕಾರು ಜನರ ಜೊತೆ ಎಲೆ ಅಡಿಕೆ ಹಾಕುತ್ತಾ ಕೂತಿದ್ದರು. ಅವರ ತಲೆಯ ಮೇಲೆಯೇ ಗೂಟದಲ್ಲಿ ಹುಟ್ಟು.

“ಏನಲೇ ದುರುಗ?”

“ಮಗಳ ಸಾಲಿಗೆ ಹೊತ್ತಾಕತೈತ್ರಿ ಗೌಡ್ರ. ಹನುಮಂತಣ್ಣ ನಸಿಕಿನಾಗ ಒಂದು ಸುತ್ತು ಬಿಟ್ಟು ಬಂದ್ರ ಆಕಿ ಪರೀಕ್ಷಿ ಉಳೀತೈತ್ರಿ.”

“ನಸಿಕಿನಾಗ ನಮ್ಮನಿ ಬಾಗಲಾ ಬಡದು ಹುಟ್ಟು ಕೇಳಬೇಕೇನು ಅವ? ನಿನ್ನ ಮಗಳು ಓದಿ ಯಾವ ಕಚೇರಿ ಆಳಬೇಕಾಗೈತಿ?” ಗೌಡರು ಬಾಯಿಯ ಎಲೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಹೊರಳಿಸಿದರು. “ಹರಿಗೋಲು ಊರಿಂದು, ಹುಟ್ಟು ನಮ್ಮನೀದು. ಅಷ್ಟು ಅವಸರ ಇದ್ರ ನೀನೂ ಒಂದು ಮಾಡ್ಕೊಳ್ಳಲೇ.”

ಕೂತವರೆಲ್ಲ ನಕ್ಕರು. ಹನುಮಂತಣ್ಣ ಕಂಬದ ಹತ್ತಿರ ನಿಂತು ನೆಲ ನೋಡಿದ. ಅಪ್ಪ ನಗಲಿಲ್ಲ. “ಆತ್ರಿ ಗೌಡ್ರ, ಮಾಡ್ಕೊಂತೀನಿ” ಎಂದು ಕೈ ಮುಗಿದು ಹೊರಟ. ದಾರಿಯಲ್ಲಿ ನಾನು ಅಳುತ್ತಿದ್ದೆ, ಅವಮಾನಕ್ಕೆ. ಅಪ್ಪ ಮಾತ್ರ ಎಂಥ ಮರ ಆದೀತು ಎಂದು ಯೋಚಿಸುತ್ತಾ ನಡೆಯುತ್ತಿದ್ದ. “ನಾಕು ಮಂದಿ ಮುಂದ ಅವರ ಬಾಯಿಂದನ ಅಪ್ಪಣೆ ಆತಲ್ಲವ್ವ, ಇನ್ನೇನು ಬೇಕು?” ಅಂದ.

ತಂಬ್ರಹಳ್ಳಿ ನನ್ನ ಅವ್ವನ ತವರು. ಅಲ್ಲಿ ಮಾವನ ಹಿತ್ತಲಲ್ಲಿ ಗಾಳಿಗೆ ಬಿದ್ದ ಬೇವಿನ ಕೊಂಬೆ ಇತ್ತು. ಒಂದು ಭಾನುವಾರ ನಾನೂ ಅಪ್ಪನೂ ಹೋಗಿ ಅದನ್ನು ಆಚೆ ತುದಿ ಒಬ್ಬರು, ಈಚೆ ತುದಿ ಒಬ್ಬರು ಹೊತ್ತು ತಂದೆವು. ನನ್ನ ಹೆಗಲ ಚರ್ಮ ಕಿತ್ತು ಬಂತು. ಅಪ್ಪ ನೇರವಾಗಿ ಬಡಿಗೇರ ಮೌನಪ್ಪನ ಹತ್ತಿರ ಹೋಗಿ ಹುಟ್ಟು ಮಾಡಿಕೊಡು ಅಂದ.

ಮೌನಪ್ಪ ಕೊಂಬೆಯನ್ನು ತಟ್ಟಿ ನೋಡಿದ, ಬೀದಿಯ ಎರಡೂ ಕಡೆ ನೋಡಿದ. “ನನ್ನ ಹೊಟ್ಟಿ ಮ್ಯಾಲೆ ಹೊಡೀಬ್ಯಾಡೋ ದುರುಗಪ್ಪ. ಗೌಡರ ಮನೀದು ನೇಗಲಾ, ಕುಂಟಿ ಎಲ್ಲಾ ನಂದ ಕೆಲಸ. ನಾ ಮಾಡಂಗಿಲ್ಲ” ಅಂದ. ಮರುದಿನ ಬೆಳಗ್ಗೆ ಅವನೇ ನಮ್ಮ ಗುಡಿಸಲಿಗೆ ಬಂದು ತನ್ನ ಚರ್ಮದ ಹತಾರದ ಚೀಲವನ್ನು ಬಾಗಿಲಲ್ಲಿ ಇಟ್ಟ. ಬಾಚಿ, ಉಳಿ, ಗರಗಸ ಎಲ್ಲ ಒಳಗೇ ಇದ್ದವು. “ತಳ ಹರದೈತಿ, ಹೊಲಿ. ಅವಸರ ಇಲ್ಲ. ಎಂಟು ದಿನ ನಾ ಕೊಟ್ಟೂರಾಗ ನಮ್ಮ ಅಕ್ಕನ ಮನ್ಯಾಗ ಇರ್ತೀನಿ.” ಚೀಲದ ತಳ ಹರಿದಿರಲಿಲ್ಲ.

ಅಪ್ಪ ಅಲಗು ಹಿಡಿದ, ನಾನು ಕೋಲು. ಶಾಲೆಯಿಂದ ಬಂದವಳೇ ಬಾಚಿ ಎತ್ತುತ್ತಿದ್ದೆ. ಬೇವಿನ ಚೆಕ್ಕೆ ಹಾರಿ ಹಾರಿ ಬಾಯಿಯೆಲ್ಲ ಕಹಿ. ಕೆತ್ತಿದ ಕೈಯಲ್ಲಿ ಉಂಡರೆ ಅನ್ನವೂ ಕಹಿ. ಹನುಮಂತಣ್ಣನ ಹುಟ್ಟಿನ ಅಳತೆ ತೆಗೆಯಲು ನಮಗೆ ಅದನ್ನು ಮುಟ್ಟುವ ಹಾಗಿಲ್ಲವಲ್ಲ, ನಾನು ಹರಿಗೋಲಿನಲ್ಲಿ ಕೂತು ಕಣ್ಣಲ್ಲೇ ಅಳೆದು, ಅದು ಹನುಮಂತಣ್ಣನ ಎದೆಮಟ್ಟ, ಅಲಗು ಎರಡು ಅಂಗೈ ಅಗಲ ಎಂದು ಬಂದು ಹೇಳುತ್ತಿದ್ದೆ. ನಾಲ್ಕನೇ ದಿನಕ್ಕೆ ಹುಟ್ಟಿನ ಆಕಾರ ಬಂತು. ನನಗೆ ಕುಣಿಯುವಷ್ಟು ಸಂತೋಷ.

ಅಲ್ಲಿ ಅಪ್ಪ ಒಂದು ಎಡವಟ್ಟು ಮಾಡಿದ. ಜೀವಮಾನವೆಲ್ಲ ಚರ್ಮದ ಜೊತೆ ಬಾಳಿದವನು. ಯಾವ ವಸ್ತುವನ್ನಾದರೂ ಹದಕ್ಕೆ ತರಬೇಕಾದರೆ ನೆನೆ ಹಾಕಬೇಕು, ಆಮೇಲೆ ಬಿಸಿಲಿಗೆ ಬಿಗಿಯಬೇಕು ಎಂದೇ ಅವನ ನಂಬಿಕೆ. ಚರ್ಮ ಹದ ಮಾಡುವ ತಂಗಡಿ ತೊಗಟೆಯ ನೀರಿನ ತೊಟ್ಟಿಯಲ್ಲಿ ಹುಟ್ಟನ್ನು ಮೂರು ದಿನ ಮುಳುಗಿಸಿಟ್ಟು, ನಾಲ್ಕನೇ ದಿನ ಎತ್ತಿ ಬಂಡೆಯ ಮೇಲೆ ಸುಡು ಬಿಸಿಲಿಗೆ ಹಾಕಿದ. ನಾನು ಸಂಜೆ ಬಂದು ನೋಡಿದರೆ ಅಲಗು ತುದಿಯಿಂದ ಒಂದು ಗೇಣು ಸೀಳಿ ಬಾಯಿ ಬಿಟ್ಟಿತ್ತು.

“ಇದೇನು ಎಮ್ಮಿ ಚರ್ಮ ಏನು ನೆನೆ ಹಾಕಾಕ?” ಎಂದು ಅವ್ವ ತಲೆ ತಲೆ ಬಡಿದುಕೊಂಡಳು. ನಾನಂತೂ ಅಪ್ಪನ ಮೇಲೆ ಹರಿಹಾಯ್ದೆ. ಗೌಡರು ನಕ್ಕಿದ್ದು ಸರಿ, ನಿನಗೆ ತಿಳಿಯದ ಕೆಲಸಕ್ಕೆ ಯಾಕೆ ಕೈ ಹಾಕಿದೆ ಎಂದೆ. ಆ ಮಾತು ಈಗಲೂ ನನ್ನನ್ನು ಚುಚ್ಚುತ್ತದೆ. ಅಪ್ಪ ಸೀಳಿನ ಮೇಲೆ ಬೆರಳಾಡಿಸುತ್ತಾ ಕೂತ.

ಎಂಟು ದಿನ ಕಳೆದು ಚೀಲಕ್ಕೆಂದು ಬಂದ ಮೌನಪ್ಪ ಅದನ್ನು ನೋಡಿ ಕೆಮ್ಮು ಬರುವವರೆಗೂ ನಕ್ಕ. “ಹುಚ್ಚಪ್ಪ, ಕಟಗಿ ನೆಳ್ಳಾಗ ಒಣಗಬೇಕೋ. ಅದಕ್ಕ ಬಿಸಲು ಆಗಂಗಿಲ್ಲ.” ಆಮೇಲೆ ಹುಟ್ಟನ್ನು ತಿರುವಿ, ಬಗ್ಗಿಸಿ ನೋಡಿ ಗಂಭೀರನಾದ. “ಉಳದದ್ದು ಗಟ್ಟಿ ಐತಿ. ಸೀಳಿದ್ದನ್ನ ಕೂಡ್ಸಾಕ ನನಗ ಬರಂಗಿಲ್ಲ. ನಿನಗ ಬರತೈತಿ, ನೋಡು.”

ಅಪ್ಪನ ಮುಖ ಬದಲಾಯಿತು. ಕಬ್ಬಿಣದ ಸಲಾಕೆ ಕಾಸಿ ಸೀಳಿನ ಎರಡೂ ಬದಿಗೆ ತೂತು ಸುಟ್ಟ. ಹರಿಗೋಲಿನ ಅಂಚಿಗೆ ಹಾಕುವ ಹದ ಮಾಡಿದ ಚರ್ಮವನ್ನು ರಂಪಿಗೆಯಿಂದ ಸಣ್ಣ ದಾರವಾಗಿ ಸೀಳಿದ. ರಂಪಿಗೆ ಎಂದರೆ ಚರ್ಮ ಕತ್ತರಿಸುವ ಅಗಲ ಬಾಯಿಯ ಕತ್ತಿ, ಅದು ಅಪ್ಪನ ಸೊಂಟ ಬಿಟ್ಟು ಇಳಿಯುತ್ತಿರಲಿಲ್ಲ. ದಾರವನ್ನು ನೆನೆಸಿ, ತೂತಿಗೆ ಪೋಣಿಸಿ, ಕಾಲಿನಿಂದ ಅಲಗು ಒತ್ತಿ ಹಿಡಿದು ಹಲ್ಲು ಕಚ್ಚಿ ಎಳೆದ. ನೆರಳಿನಲ್ಲಿ ಒಣಗಿದಾಗ ದಾರ ಬಿಗಿದುಕೊಂಡು ಸೀಳು ಮುಚ್ಚಿತು. ಅದರ ಮೇಲೆ ಏಳು ದಿನ ಕುಸುಬಿ ಎಣ್ಣೆ ತಿಕ್ಕಿದ್ದು ನಾನು. ಅಂಥ ಹುಟ್ಟನ್ನು ಯಾವ ಬಡಿಗನೂ ಮಾಡಲಾರ. ಚರ್ಮದವನ ಮನೆಯಲ್ಲಿ ಮಾತ್ರ ಅಂಥದ್ದು ಹುಟ್ಟೀತು.

ಮೊದಲ ದಿನ ಕೋಳಿ ಕೂಗಿ ಬೆಳಕು ಹರಿಯುವ ಹೊತ್ತಿಗೆ ನಾವಿಬ್ಬರೂ ದಡದಲ್ಲಿದ್ದೆವು. ಪಾಟಿ ಚೀಲ ನನ್ನ ಬಗಲಲ್ಲಿ, ಹುಟ್ಟು ಕೈಯಲ್ಲಿ. ಬೋರಲು ಬಿದ್ದಿದ್ದ ಹರಿಗೋಲನ್ನು ಅಪ್ಪ ಮಗುಚಿ ನೀರಿಗೆ ತಳ್ಳುವಷ್ಟರಲ್ಲಿ ಸುದ್ದಿ ಹೋಗಿತ್ತು. ಗೌಡರು ಬಾಯಲ್ಲಿ ಬೇವಿನ ಕಡ್ಡಿ ಇಟ್ಟುಕೊಂಡೇ ಬಂದರು. ಹಿಂದೆ ಹಾಲಿನ ಕೊಡ ಹೊತ್ತ ಆಳುಗಳು, ಹನುಮಂತಣ್ಣ, ಅರ್ಧ ಊರು.

“ಯಾರ್ನ ಕೇಳಿ ಹರಿಗೋಲು ಮುಟ್ಟೀದಿ?”

“ನೀವ ಹೇಳಿದ್ರಲ್ರಿ ಗೌಡ್ರ, ಹರಿಗೋಲು ಊರಿಂದು, ಹುಟ್ಟು ಮಾಡ್ಕೊ ಅಂತ. ಮಾಡ್ಕೊಂಡೀನಿ.”

“ನಕ್ಕೋಂತ ಅಂದದ್ದನ್ನ ಹಿಡಕೊಂಡು ಬಂದಾನ ನೋಡ್ರಿ. ನೀ ಮುಟ್ಟಿದ ಹರಿಗೋಲಾಗ ನಾವು ಕುಂದ್ರಬೇಕೇನು? ಬಿಡು ಕೈ.”

ಅಪ್ಪ ಕೈ ಬಿಟ್ಟ. ಮುಗಿಯಿತು ನನ್ನ ಪರೀಕ್ಷೆ ಅಂದುಕೊಂಡೆ. ಅಪ್ಪ ಹರಿಗೋಲಿನ ಪಕ್ಕ ಮೊಣಕಾಲೂರಿ ಕೂತು ಸೊಂಟದಿಂದ ರಂಪಿಗೆ ತೆಗೆದು, ಅಂಚಿನ ಹೊಲಿಗೆಯ ಕೆಳಗೆ ಅದರ ಬಾಯಿ ಇಟ್ಟ. ದನಿ ಏರಿಸಲಿಲ್ಲ.

“ನಾ ಮುಟ್ಟಿದ್ದು ನಿಮಗ ಆಗಂಗಿಲ್ಲ ಅಂದ್ರ ಇದರಾಗ ನಾ ಮುಟ್ಟಲಾರದ್ದು ಏನೈತ್ರಿ? ಚರ್ಮ ನಾ ಹದ ಮಾಡಿದ್ದು, ಹೊಲಿಗಿ ನಾ ಹಾಕಿದ್ದು. ನಂದು ನಾ ಬಿಚ್ಚಿಕೊಂಡು ಹೊಕ್ಕೀನ್ರಿ. ಬುಟ್ಟಿ ನಿಮ್ದು, ಇಟ್ಕೊಳ್ರಿ.”

ಒಂದು ಹೊಲಿಗೆ ಪಟ್ಟನೆ ಕಡಿಯಿತು. ನಂತರ ಇನ್ನೊಂದು. ನೀರು ತುಂಬಿದ ಕಾಲ. ಹೊದಿಕೆ ಬಿಚ್ಚಿದರೆ ಹೊಸ ಚರ್ಮ ಹದಕ್ಕೆ ಬರಲು ಒಂದೂವರೆ ತಿಂಗಳು, ಅದನ್ನು ಹದ ಮಾಡಬೇಕಾದವನೂ ಇವನೇ. ಹಾಲಿನ ಆಳುಗಳು ಗೌಡರ ಮುಖ ನೋಡಿದರು. ಮೂರನೇ ಹೊಲಿಗೆಗೆ ರಂಪಿಗೆ ಇಟ್ಟಾಗ ಗೌಡರು ಬಾಯಿಯ ಕಡ್ಡಿ ಉಗುಳಿದರು.

“ಹೋಗ್ಲಿ ಬಿಡಲೇ. ಹುಡುಗಿ ಓದಾಕ ಹೊಂಟೈತಿ, ನಾವ್ಯಾಕ ಅಡ್ಡ ಬರೂಣು?”

ತಾವೇ ದೊಡ್ಡ ಮನಸ್ಸು ಮಾಡಿ ಕಳಿಸಿದ ಹಾಗೆ ಹೇಳಿ ತಿರುಗಿ ನಡೆದರು. ಮುಂದೆ ಸಂತೆಯಲ್ಲಿ, ಪಂಚಾಯ್ತಿ ಕಟ್ಟೆಯಲ್ಲಿ ಅದನ್ನೇ ಹೇಳಿಕೊಂಡು ತಿರುಗಿದರಂತೆ. ಆ ವರ್ಷ ಸುಗ್ಗಿಯಲ್ಲಿ ಅಪ್ಪನ ವರ್ಷದ ಕೆಲಸಕ್ಕೆ ಕೂಲಿಯಾಗಿ ಅವರ ಕಣದಿಂದ ನಮ್ಮ ಮನೆಗೆ ಬರಬೇಕಾದ ಆಯದ ಜೋಳ ಬರಲಿಲ್ಲ. ಆ ವಿಷಯ ಮಾತ್ರ ಅವರು ಎಲ್ಲೂ ಹೇಳಲಿಲ್ಲ.

ಅಪ್ಪ ಅಲ್ಲೇ ಕೂತು ಕಡಿದ ಎರಡು ಹೊಲಿಗೆ ಮತ್ತೆ ಹಾಕಿದ. ನಾನು ಹುಟ್ಟು ಹಾಕಿದೆ. ಹರಿಗೋಲು ಗಾಣದೆತ್ತಿನಂತೆ ಇದ್ದಲ್ಲೇ ತಿರುಗಿತು. ದಡದಲ್ಲಿ ನಿಂತವರು ಮತ್ತೆ ನಕ್ಕರು. ಆಗ ಹನುಮಂತಣ್ಣ, ಅಲ್ಲಿಯವರೆಗೆ ತುಟಿ ಬಿಚ್ಚದವನು, ನೀರಿಗೆ ನಾಲ್ಕು ಹೆಜ್ಜೆ ಇಳಿದು ಹೇಳಿದ: “ಪಕ್ಕಕ್ಕ ಹಾಕಬ್ಯಾಡ ತಂಗಿ, ಮುಂದ ಹಾಕಿ ನಿನ್ನ ಕಡಿಗೆ ಎಳಕೊ. ಒಮ್ಮೆ ಎಡಕ, ಒಮ್ಮೆ ಬಲಕ.” ಎಳೆದುಕೊಂಡೆ. ಅಪ್ಪ ಬುಟ್ಟಿಯ ನಡುವೆ ಕೂತು ಒಳಗೆ ಬಂದ ನೀರು ಚೆಲ್ಲುತ್ತಿದ್ದ. ಆಚೆ ದಡ ಮುಟ್ಟಿ ಓಡಿದಾಗ ಹಾಜರಿ ಕೂಗುತ್ತಿದ್ದರು. “ಹಾಜರ್ ಸಾರ್” ಎಂದು ಬಾಗಿಲಲ್ಲೇ ಕೂಗಿದೆ. ಅಂದು ಸಂಜೆ ಬಂದು ರಂಪಿಗೆಯಿಂದ ಕೋಲಿನ ಮೇಲೆ ಒಂದು ಗೀರು ಹಾಕಿದೆ. ರಿಜಿಸ್ಟರು ಅವರ ಹತ್ತಿರ ಇದ್ದರೆ ನನ್ನದು ನನ್ನ ಹತ್ತಿರ ಇರಲಿ ಎಂದು.

ಆಮೇಲೆ ದಿನಾ ಅದೇ. ನಾನು ದಾಟುವುದು, ಅಪ್ಪ ಹರಿಗೋಲನ್ನು ಹನುಮಂತಣ್ಣನಿಗೆ ತಂದೊಪ್ಪಿಸುವುದು. ಭಾದ್ರಪದದ ಗಾಳಿಯಲ್ಲಿ ಎರಡು ಸಲ ದಡ ತಪ್ಪಿ ಎಲ್ಲಿಗೋ ತೇಲಿ ಹೋದೆ. ಕಾರ್ತಿಕದಲ್ಲಿ ಬೆರಳು ಸೆಟೆದು ಹುಟ್ಟು ಹಿಡಿಯಲಾಗುತ್ತಿರಲಿಲ್ಲ. ಕೂಲಿಗೆ ಹೋಗುವ ನಮ್ಮ ಕೇರಿಯ ಹೆಂಗಸರು ನನ್ನ ಸುತ್ತಿಗೇ ಬರತೊಡಗಿದರು. ಒಂದು ದಿನ ಹನುಮಂತಣ್ಣನಿಗೆ ಜ್ವರ. ಗೌಡರಿಗೆ ಹರಪನಹಳ್ಳಿ ಕೋರ್ಟಿನಲ್ಲಿ ಜಮೀನಿನ ವಾಯಿದೆ ಇತ್ತಂತೆ, ಬಸ್ಸು ಹಿಡಿಯಬೇಕು. ಧೋತರ ಎತ್ತಿಕೊಂಡು ಬಂದು ನಾನು ಹುಟ್ಟು ಹಾಕುವ ಹರಿಗೋಲು ಹತ್ತಿದರು. ಅವರು ದಾಟುವಷ್ಟೂ ಹೊತ್ತು ಆಕಾಶ ನೋಡುತ್ತಿದ್ದರು. ಆಚೆ ದಡದಲ್ಲಿ ಇಳಿದು, ಅದೇ ನೀರನ್ನು ಬೊಗಸೆಯಲ್ಲಿ ಎತ್ತಿ ತಲೆಗೆ ಚಿಮುಕಿಸಿಕೊಂಡು ಶುದ್ಧವಾಗಿ ಹೋದರು. ನನ್ನ ಹುಟ್ಟು ಅದ್ದಿದ ನೀರು ಅದು. ನಾನು ಆ ದಿನದ ಗೀರನ್ನು ಉಳಿದವಕ್ಕಿಂತ ಆಳವಾಗಿ ಹಾಕಿದೆ.

ಸಂಕ್ರಾಂತಿ ಕಳೆದು ನೀರು ಇಳಿದಾಗ ಎಂಬತ್ತೊಂದು ಗೀರುಗಳಿದ್ದವು. ಪರೀಕ್ಷೆಗೆ ಕಳಿಸುವವರ ಹೆಸರು ಓದುವಾಗ ಹೆಡ್‌ಮಾಸ್ತರರು ನನ್ನ ಹೆಸರನ್ನೂ ಓದಿದರು. ಪಾಸಾದೆ. ಮುಂದೆ ಓದಲು ಕೂಡ್ಲಿಗಿಗೆ ಬಂದೆ, ಇಲ್ಲೇ ಸರ್ಕಾರಿ ನೌಕರಿಯೂ ಸಿಕ್ಕಿತು. ಯಾವ ಕಚೇರಿ ಆಳಬೇಕು ಎಂದು ಗೌಡರು ಕೇಳಿದ್ದರಲ್ಲ, ಆಳಲಿಲ್ಲ ನಿಜ, ಮೂವತ್ತು ವರ್ಷ ದುಡಿದೆ.

ನಾನು ಊರು ಬಿಡುವ ಮೊದಲು ಅಪ್ಪ ಹುಟ್ಟನ್ನು ಹನುಮಂತಣ್ಣನಿಗೆ ಕೊಟ್ಟಿದ್ದ. ನಮ್ಮ ಕೇರಿಯ ಇನ್ನಿಬ್ಬರು ಹುಡುಗಿಯರು ಹೈಸ್ಕೂಲಿಗೆ ಸೇರುವವರಿದ್ದರು, ಹರಿಗೋಲಿನ ಜೊತೆಗೇ ಇರಲಿ, ನೀರು ಬಂದಾಗ ಅವರಿಗೆ ಕೊಡು ಎಂದು. ಹನುಮಂತಣ್ಣ ಕೆಟ್ಟವನಲ್ಲ. ಆದರೆ ವರ್ಷಾನುಗಟ್ಟಲೆ ಸಂಜೆಯಾದರೆ ಹುಟ್ಟು ಹೊತ್ತು ಒಂದೇ ಮನೆಗೆ ನಡೆದ ಕಾಲು ಅವನವು. ಮುಂದಿನ ಮಳೆಗಾಲದ ಮೊದಲ ಸಂಜೆ ಎರಡು ಹುಟ್ಟನ್ನೂ ಹೆಗಲ ಮೇಲಿಟ್ಟುಕೊಂಡು ಹೋಗಿ ಎರಡನ್ನೂ ಗೌಡರ ಗೂಟಕ್ಕೆ ಸಿಕ್ಕಿಸಿ ಬಂದ. ಮರುದಿನ ಅಪ್ಪ ಕೇಳಲು ಹೋದಾಗ ಗೌಡರು “ಯಾವ ಹುಟ್ಟಲೇ?” ಅಂದರು. ಆ ಇಬ್ಬರು ಹುಡುಗಿಯರು ದೀಪಾವಳಿಯ ಹೊತ್ತಿಗೆ ಶಾಲೆ ಬಿಟ್ಟರು. ಒಬ್ಬಳು ನನ್ನ ಚಿಕ್ಕಪ್ಪನ ಮಗಳು, ಈಗಲೂ ಕೂಲಿಗೆ ಹೋಗುತ್ತಾಳೆ. ಅಪ್ಪ ತೀರಿಕೊಳ್ಳುವವರೆಗೂ ಆ ಹುಟ್ಟಿನ ಮಾತು ಬಂದರೆ ಎದ್ದು ಹೊರಗೆ ಹೋಗುತ್ತಿದ್ದ.

ಖಾನಾವಳಿಯಲ್ಲಿ ನಾನು ಎಲೆ ಮುಂದಿನಿಂದ ಎದ್ದು ಕೈ ತೊಳೆದುಕೊಂಡು ಗೋಡೆಯ ಹತ್ತಿರ ಹೋದೆ. ಗಲ್ಲಾದ ಮೇಲೆ ಕೂತಿದ್ದ ಹುಡುಗ ಓಡಿ ಬಂದ. ಗೌಡರ ಮೊಮ್ಮಗನಂತೆ. ಮೂಗು ಅದೇ, ಮಾತು ಮಾತ್ರ ಮೃದು.

“ಅಮ್ಮಾ, ಮುಟ್ಟಬ್ಯಾಡ್ರಿ, ನಮ್ಮ ತಾತಂದದು. ಭಾಳ ಹಳೀದು.”

“ಕೋಲಿನ ಮ್ಯಾಲೆ ಗೀರು ಅದಾವಲ್ಲ, ಏನಪ್ಪ ಅವು?”

“ತಾತ ದಾಟಿಸಿದ ಬಾಣಂತ್ಯಾರ ಲೆಕ್ಕ ಅಂತ ನಮ್ಮಪ್ಪ ಹೇಳ್ತಾನ್ರಿ.”

“ಎಣಿಸು.”

ಅವನು ನಕ್ಕ. ನಾನು ನಗದೆ ಇದ್ದುದನ್ನು ನೋಡಿ ಬೆರಳಿಟ್ಟು ಎಣಿಸಿದ. ಎಂಬತ್ತು ದಾಟಿ ಒಂದಕ್ಕೆ ನಿಂತ. “ಎಂಬತ್ತೊಂದು ಅಂತ ನೀ ಎಣಿಸೂ ಮೊದಲ ನನಗ ಗೊತ್ತಿತ್ತು. ಇವು ನನ್ನ ಹಾಜರಿ” ಎಂದೆ. ಕುಳಿತಿದ್ದವರೆಲ್ಲ ಕೈ ನಿಲ್ಲಿಸಿ ಕೇಳುವಂತೆ ಅವನಿಗೆ ಎಲ್ಲವನ್ನೂ ಹೇಳಿದೆ. ಯಾವುದು ಆಳವಾದ ಗೀರು, ಆ ದಿನ ಹರಿಗೋಲಿನಲ್ಲಿ ಯಾರು ಕೂತಿದ್ದರು ಎಂಬುದನ್ನೂ ಹೇಳಿದೆ. ಹುಡುಗನ ಮುಖ ಕೆಂಪಾಯಿತು. ಅವನ ತಪ್ಪಲ್ಲ, ಗೊತ್ತು. ಆದರೂ ಯಾರಿಗಾದರೂ ಹೇಳಲೇಬೇಕಿತ್ತು.

“ಅಪ್ಪನ್ನ ಕೇಳಿ ಬೋರ್ಡ್ ಬದಲಾಯಿಸ್ತೀನ್ರಿ ಅಮ್ಮಾ” ಅಂದ.

ನಾನು ಕೈ ಚಾಚಿ ಹುಟ್ಟನ್ನು ಮೊಳೆಯಿಂದ ಎತ್ತಿಕೊಂಡೆ. ಅಪ್ಪನ ಹೊಲಿಗೆ ಒಂದೂ ಸಡಿಲಾಗಿರಲಿಲ್ಲ.

“ಬೋರ್ಡು ನಿಮ್ದು, ಇಟ್ಕೊಳ್ರಿ” ಎಂದೆ.

ಅವನು ತಡೆಯಲಿಲ್ಲ. ಹುಟ್ಟು ಈಗ ಕೂಡ್ಲಿಗಿಯ ನಮ್ಮ ಮನೆಯ ಬಾಗಿಲ ಪಕ್ಕದಲ್ಲಿ ನಿಂತಿದೆ, ಗೂಟವಿಲ್ಲ, ಬೋರ್ಡಿಲ್ಲ. ಹೋದ ಭಾನುವಾರ ಚಿಕ್ಕಪ್ಪನ ಮಗಳು ಬಂದಿದ್ದಳು. ಬಾಗಿಲಲ್ಲೇ ನಿಂತು ಬಹಳ ಹೊತ್ತು ಅದನ್ನು ನೋಡಿ, “ಮುಟ್ಟಲೇನಕ್ಕ?” ಎಂದು ಕೇಳಿದಳು.